ಧರ್ಮ ಯಾವುದು ಅಂತ ಕೇಳಿದರೆ ಪಕ್ಷ ಯಾವುದು ಅಂತ ಹೇಳುವ ಅಮೆರಿಕ

ಅಮೆರಿಕದ ಸೆನ್ಸಸ್‌ನಲ್ಲಿ ಧರ್ಮದ ಕಾಲಂ ಇಲ್ಲ. ಊರಲ್ಲಿ ಯಾರಿಗಾದರೂ ಇದನ್ನು ಹೇಳಿದರೆ ಮೊದಲು ನಂಬುವುದಿಲ್ಲ. ವಯಸ್ಸು, ಮನೆ, ಜನಾಂಗ ಎಲ್ಲ ಕೇಳುವ ಸರ್ಕಾರ ಧರ್ಮ ಒಂದನ್ನು ಬಿಟ್ಟುಬಿಡುತ್ತದೆ. 1957ರಲ್ಲಿ ಒಂದು ಸಲ ಸೆನ್ಸಸ್ ಬ್ಯೂರೋದವರು ಒಂದು ಸ್ಯಾಂಪಲ್ ಸಮೀಕ್ಷೆಯಲ್ಲಿ ಕೇಳಿ ನೋಡಿದ್ದರು. ಮುಂದೆ 1960ರ ಗಣತಿಯಲ್ಲೂ ಕೇಳೋಣ ಅಂತ ಯೋಚನೆ ಇತ್ತು, ಆದರೆ ವಿರೋಧ ಬಂತು, ಮುಖ್ಯವಾಗಿ ಯಹೂದಿ ಸಂಘಟನೆಗಳಿಂದ. ಸರ್ಕಾರದ ಕೈಗೆ ಧರ್ಮದ ಪಟ್ಟಿ ಸಿಕ್ಕರೆ ಏನೇನಾಗಬಹುದು ಅನ್ನೋದನ್ನ ಅವರು ಆಗಷ್ಟೇ ಯುರೋಪಿನಲ್ಲಿ ನೋಡಿದ್ದರು. 1976ರಲ್ಲಿ ಕಾನೂನೇ ಆಯಿತು: ನಿನ್ನ ಧರ್ಮ ಯಾವುದು ಹೇಳು ಅಂತ ಗಣತಿಯವರು ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ.

"ಹಾಗಾದ್ರೆ ಅಲ್ಲಿ ಕ್ರಿಶ್ಚಿಯನ್ನರು ಇಷ್ಟು, ಹಿಂದೂಗಳು ಇಷ್ಟು ಅಂತ ಪೇಪರಲ್ಲಿ ಬರುತ್ತಲ್ಲ, ಅದೆಲ್ಲ ಎಲ್ಲಿಂದ ಬರುತ್ತೆ?" ಅಂತ ಚಿಕ್ಕಪ್ಪ ಫೋನಲ್ಲಿ ಕೇಳಿದರು. ಅವರು ಎರಡು ಫಾರ್ವರ್ಡ್ ಕಳಿಸಿದ್ದರು. ಒಂದರಲ್ಲಿ ಅಮೆರಿಕದಲ್ಲಿ ಕ್ರೈಸ್ತ ಧರ್ಮ ಮುಗಿದೇ ಹೋಯ್ತು ಅಂತ ಇತ್ತು. ಇನ್ನೊಂದರಲ್ಲಿ ಅಮೆರಿಕ ಇನ್ನೇನು ಕ್ರೈಸ್ತ ರಾಷ್ಟ್ರ ಆಗಿಬಿಡುತ್ತೆ ಅಂತ ಇತ್ತು. ಎರಡಕ್ಕೂ ಆಧಾರ ಒಂದೇ ಥರದ್ದು, ಖಾಸಗಿ ಸಂಸ್ಥೆಗಳ ಸಮೀಕ್ಷೆ. ಫೋನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಆದ್ದರಿಂದ ಇಲ್ಲಿ ಬರೀತಿದ್ದೀನಿ.

ಈ ವಿಷಯದಲ್ಲಿ ದೊಡ್ಡ ಹೆಸರು ಪ್ಯೂ ರಿಸರ್ಚ್ ಸೆಂಟರ್. 2007, 2014, ಮತ್ತೆ 2023-24, ಹೀಗೆ ಮೂರು ಸಲ ಭಾರಿ ಸಮೀಕ್ಷೆ ಮಾಡಿದ್ದಾರೆ. ಕೊನೆಯದರಲ್ಲಿ 36,908 ಜನ ಉತ್ತರ ಕೊಟ್ಟರು. ದೇಶದ ಮನೆ ವಿಳಾಸಗಳಲ್ಲಿ ಕೆಲವನ್ನು ಲಾಟರಿ ಎತ್ತಿದ ಹಾಗೆ ಎತ್ತಿ, ಆ ಮನೆಗಳಿಗೆ ಪೋಸ್ಟಲ್ಲಿ ಕಾಗದ ಕಳಿಸುತ್ತಾರೆ. ಆನ್‌ಲೈನಲ್ಲಿ ತುಂಬಬಹುದು, ಪೇಪರಲ್ಲಿ ತುಂಬಿ ವಾಪಸ್ ಕಳಿಸಬಹುದು, ಫೋನಲ್ಲೂ ಹೇಳಬಹುದು. ಫೋನನ್ನೇ ನಂಬಿಕೊಂಡಿದ್ದ ಕಾಲ ಹೋಯಿತು. ಗುರುತಿಲ್ಲದ ನಂಬರ್ ಬಂದರೆ ಈಗ ಯಾರು ಎತ್ತುತ್ತಾರೆ? ಪ್ಯೂನವರ ಫೋನ್ ಸಮೀಕ್ಷೆಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರ ಕೊಡುತ್ತಿದ್ದರು, 2018ಕ್ಕೆ ಅದು 6ಕ್ಕೆ ಬಂತು.

ಮೂರು ಸಮೀಕ್ಷೆಯನ್ನು ಪಕ್ಕಪಕ್ಕ ಇಟ್ಟರೆ ಕಾಣುವುದು ಇದು. ತಾವು ಕ್ರಿಶ್ಚಿಯನ್ ಅಂದವರು 2007ರಲ್ಲಿ ಶೇ. 78, 2014ರಲ್ಲಿ ಶೇ. 71, 2023-24ರಲ್ಲಿ ಶೇ. 62. ಯಾವ ಧರ್ಮವೂ ಇಲ್ಲ ಅಂದವರು ಶೇ. 16ರಿಂದ 29ಕ್ಕೆ ಏರಿದ್ದಾರೆ. ಮೊದಲನೇ ಫಾರ್ವರ್ಡ್‌ಗೆ ಇಷ್ಟೇ ಸಾಕು. ಆದರೆ ಅದೇ ವರದಿಯ ಇನ್ನೊಂದು ಸಾಲು ಫಾರ್ವರ್ಡ್‌ನಲ್ಲಿ ಇರುವುದಿಲ್ಲ. 2019ರಿಂದ ಈಚೆಗೆ ಕ್ರಿಶ್ಚಿಯನ್ನರ ಪಾಲು ಶೇ. 60ರಿಂದ 64ರ ನಡುವೆಯೇ ಓಡಾಡುತ್ತಿದೆ, ಇಳಿಯೋದು ನಿಂತ ಹಾಗಿದೆ. ಇನ್ನು "ಯಾವ ಧರ್ಮವೂ ಇಲ್ಲ" ಅನ್ನುವ ಶೇ. 29 ಎಲ್ಲ ನಾಸ್ತಿಕರು ಅಂದುಕೊಳ್ಳಬೇಡಿ. ನಾಸ್ತಿಕ ಅಂತ ಬಾಯಿಬಿಟ್ಟು ಹೇಳಿದವರು ಶೇ. 5, ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುವವರು ಶೇ. 6. ಉಳಿದವರು "ಹಾಗೇನೂ ಇಲ್ಲ ಬಿಡಿ" ಅನ್ನೋ ಗುಂಪು. ದೇವರೋ ಒಂದು ಶಕ್ತಿಯೋ ಇದೆ ಅನ್ನುವವರು ಇಡೀ ದೇಶದಲ್ಲಿ ಇವತ್ತಿಗೂ ಶೇ. 83 ಇದ್ದಾರೆ.

ಅಂದರೆ ದೇವರನ್ನು ಬಿಟ್ಟಿಲ್ಲ, ಹೆಸರನ್ನು ಬಿಟ್ಟಿದ್ದಾರೆ. ಯಾಕೆ ಬಿಟ್ಟರು ಅನ್ನೋದೇ ನನಗೆ ಆಸಕ್ತಿ ಇರುವ ಪ್ರಶ್ನೆ.

ಅದಕ್ಕೆ ಮುಂಚೆ ಒಂದು ಹಳೆಯ ಕಥೆ ಹೇಳಬೇಕು, ಈ ಸಮೀಕ್ಷೆಗಳ ಲೋಕದಲ್ಲಿ ನನಗೆ ತುಂಬಾ ಇಷ್ಟವಾದದ್ದು. ಗ್ಯಾಲಪ್ ಸಂಸ್ಥೆಯವರು ಎಷ್ಟೋ ವರ್ಷದಿಂದ "ಕಳೆದ ಏಳು ದಿನದಲ್ಲಿ ಚರ್ಚಿಗೆ ಹೋಗಿದ್ರಾ" ಅಂತ ಕೇಳುತ್ತಾ ಬಂದಿದ್ದರು. ಉತ್ತರವೂ ಸುಮಾರು ಶೇ. 40ರ ಆಸುಪಾಸಲ್ಲೇ ಇರುತ್ತಿತ್ತು. ಇದು ನಿಜ ಆಗಿದ್ದರೆ ಭಾನುವಾರ ಚರ್ಚುಗಳು ತುಂಬಿ ತುಳುಕಬೇಕಿತ್ತು, ಆದರೆ ಎಷ್ಟೋ ಪಂಗಡಗಳು ಸದಸ್ಯರು ಕಮ್ಮಿಯಾಗುತ್ತಿದ್ದಾರೆ ಅಂತ ಗೋಳಾಡುತ್ತಿದ್ದವು. ಕರ್ಕ್ ಹ್ಯಾಡವೇ, ಪೆನ್ನಿ ಮಾರ್ಲರ್, ಮಾರ್ಕ್ ಚೇವ್ಸ್ ಅಂತ ಮೂವರು ಸಂಶೋಧಕರು ಓಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಡದ ಆಶ್ಟಬ್ಯೂಲಾ ಅನ್ನೋ ಕೌಂಟಿಯನ್ನು ಆರಿಸಿಕೊಂಡರು. ಅಲ್ಲಿನ ಜನರಿಗೆ ಫೋನ್ ಮಾಡಿ ಚರ್ಚಿಗೆ ಹೋಗ್ತೀರಾ ಅಂತ ಕೇಳಿದರು. ಜೊತೆಗೆ ಚರ್ಚುಗಳಲ್ಲಿ ನಿಜವಾಗಿ ಎಷ್ಟು ಜನ ಕೂರುತ್ತಾರೆ ಅಂತಲೂ ಲೆಕ್ಕ ಹಾಕಿದರು. ಡೈರೆಕ್ಟರಿಯಲ್ಲಿ ಇಲ್ಲದ ಪುಟ್ಟಪುಟ್ಟ ಚರ್ಚು ಬಿಟ್ಟುಹೋಗಬಾರದು ಅಂತ ಕೌಂಟಿಯ ರಸ್ತೆಗಳಲ್ಲೆಲ್ಲ ಕಾರಿನಲ್ಲಿ ಸುತ್ತಿ ಹುಡುಕಿದರು. ಲೆಕ್ಕ ಸಿಗದ ಚರ್ಚಿನ ಹತ್ತಿರ ಪ್ರಾರ್ಥನೆಯ ಹೊತ್ತಿಗೆ ಪಾರ್ಕಿಂಗಲ್ಲಿ ನಿಂತ ಕಾರು ಎಣಿಸಿದರು. ಪ್ರೊಟೆಸ್ಟೆಂಟರಲ್ಲಿ ಹೋಗ್ತೀವಿ ಅಂದವರು ಶೇ. 36. ನಿಜವಾಗಿ ಹೋಗುತ್ತಿದ್ದವರು ಸುಮಾರು ಶೇ. 20. ಇದು 1993ರಲ್ಲಿ ಪ್ರಕಟವಾಯಿತು, ಸಮಾಜಶಾಸ್ತ್ರದವರ ನಡುವೆ ದೊಡ್ಡ ಜಗಳವೇ ಆಯಿತು.

ಜನ ಸುಳ್ಳು ಹೇಳಿದರು ಅಂತ ನಾನು ಹೇಳಲ್ಲ. ನಮ್ಮ ಅತ್ತೆಯಂದಿರನ್ನು "ಏಕಾದಶಿ ಉಪವಾಸ ಮಾಡ್ತೀರಾ?" ಅಂತ ಕೇಳಿ ನೋಡಿ. "ಮಾಡ್ದೇ ಇರ್ತೀವಾ?" ಅಂತಾರೆ. ಹೋದ ಏಕಾದಶಿ ಯಾವತ್ತು ಬಂದಿತ್ತು ಅಂತ ಕೇಳಿದರೆ ಮಾತ್ರ ಕ್ಯಾಲೆಂಡರ್ ಹುಡುಕುತ್ತಾರೆ. ಪ್ರಶ್ನೆ ಕೇಳಿದವರು ಹೋದ ವಾರದ ಲೆಕ್ಕ ಕೇಳುತ್ತಾರೆ, ಉತ್ತರ ಕೊಡುವವರು ತಾವು ಎಂಥವರು ಅಂತ ಹೇಳುತ್ತಾರೆ. ಇನ್ನೊಬ್ಬ ಮನುಷ್ಯ ಫೋನಿನ ಆ ಕಡೆ ಕಿವಿಗೊಟ್ಟಿದ್ದರೆ ಇದು ಇನ್ನೂ ಜಾಸ್ತಿ. ಪಿಆರ್‌ಆರ್‌ಐ ಅನ್ನೋ ಇನ್ನೊಂದು ಸಮೀಕ್ಷಾ ಸಂಸ್ಥೆ 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿತು. ಚರ್ಚಿಗೆ ಅಪರೂಪಕ್ಕೆ ಹೋಗ್ತೀನಿ ಅಥವಾ ಹೋಗೋದೇ ಇಲ್ಲ ಅಂತ ಫೋನಲ್ಲಿ ಒಪ್ಪಿಕೊಂಡವರು ಶೇ. 30, ಅದೇ ಪ್ರಶ್ನೆಗೆ ಆನ್‌ಲೈನಲ್ಲಿ, ಯಾರೂ ಕೇಳಿಸಿಕೊಳ್ಳದ ಕಡೆ, ಒಪ್ಪಿಕೊಂಡವರು ಶೇ. 43.

ಈಗ ರಾಜಕೀಯಕ್ಕೆ ಬರೋಣ. ಆಗ ಉತ್ತರದಲ್ಲಿ "ನಾನು ಒಳ್ಳೆಯ ಕುಟುಂಬದ ಒಳ್ಳೆಯ ಮನುಷ್ಯ" ಅನ್ನೋದು ಇತ್ತು. ಈಗ ಅದೇ ಜಾಗದಲ್ಲಿ "ನಾನು ಈ ಕಡೆಯವನು" ಅನ್ನೋದು ಬಂದು ಕೂತಿದೆ. ನನಗೆ ಹಾಗನ್ನಿಸುತ್ತದೆ, ಅಂಕಿಗಳೂ ಆ ಕಡೆಗೇ ಬೆರಳು ತೋರಿಸುತ್ತವೆ.

ಪ್ಯೂ ಸಮೀಕ್ಷೆಯಲ್ಲೇ ಒಂದು ಟೇಬಲ್ ಇದೆ. ತಮ್ಮನ್ನು ಕನ್ಸರ್ವೇಟಿವ್, ಅಂದರೆ ಬಲಪಂಥದವರು, ಅಂತ ಕರೆದುಕೊಳ್ಳುವವರಲ್ಲಿ ಕ್ರಿಶ್ಚಿಯನ್ನರು 2007ರಲ್ಲಿ ಶೇ. 89 ಇದ್ದರು, ಈಗ ಶೇ. 82. ದೊಡ್ಡ ಇಳಿಕೆ ಏನಲ್ಲ. ಲಿಬರಲ್, ಅಂದರೆ ಅದರ ಎದುರು ಕಡೆಯವರು, ಅಂತ ಕರೆದುಕೊಳ್ಳುವವರಲ್ಲಿ? ಶೇ. 62 ಇದ್ದದ್ದು ಶೇ. 37ಕ್ಕೆ ಬಿದ್ದಿದೆ. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಈಗ ಯಾವ ಧರ್ಮವೂ ಇಲ್ಲ ಅನ್ನುತ್ತಾರೆ. ಅಂದರೆ "ಅಮೆರಿಕದಲ್ಲಿ ಕ್ರೈಸ್ತ ಧರ್ಮ ಇಳಿಯುತ್ತಿದೆ" ಅನ್ನೋ ಸುದ್ದಿ ಬಹುಪಾಲು ರಾಜಕೀಯದ ಒಂದು ಕಡೆಯವರ ಸುದ್ದಿ. ಇದನ್ನು ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ ಅನ್ನೋ ಇಬ್ಬರು ಸಮಾಜಶಾಸ್ತ್ರಜ್ಞರು 2002ರಲ್ಲೇ ಬರೆದಿದ್ದರು. 1990ರ ದಶಕದಲ್ಲಿ ಧರ್ಮ ಇಲ್ಲ ಅನ್ನುವವರು ಶೇ. 7ರಿಂದ 14ಕ್ಕೆ, ಅಂದರೆ ಎರಡರಷ್ಟು ಆಗಿದ್ದರು. ನಂಬಿಕೆ ಹೋಗಿದ್ದು ಇದಕ್ಕೆ ಮುಖ್ಯ ಕಾರಣ ಅಲ್ಲ, ಕ್ರಿಶ್ಚಿಯನ್ ಅಂದರೆ ಬಲಪಂಥ ಅನ್ನೋ ಹಾಗಾಯ್ತು, ಅದು ಬೇಡದವರು ಹೆಸರನ್ನೇ ಬಿಟ್ಟರು ಅಂತ ಅವರ ವಾದ.

ಇನ್ನೊಂದು ಕಡೆ ಇದೇ ಕೆಲಸ ತಿರುಗಿ ನಡೆಯಿತು. ಇವ್ಯಾಂಜೆಲಿಕಲ್ ಅಂದರೆ ಮೊದಲು ಒಂದು ಬಗೆಯ ಪ್ರೊಟೆಸ್ಟೆಂಟ್ ನಂಬಿಕೆ: ಬೈಬಲ್ಲೇ ಪ್ರಮಾಣ, ಯೇಸುವನ್ನು ಒಪ್ಪಿಕೊಂಡು ಮತ್ತೆ ಹುಟ್ಟಿದ ಅನುಭವ, ಬೇರೆಯವರಿಗೂ ಅದನ್ನು ಸಾರುವುದು. 1976ರಲ್ಲಿ ಜಿಮ್ಮಿ ಕಾರ್ಟರ್ ಚುನಾವಣೆಗೆ ನಿಂತಾಗ ಈ ಪದ ಇಡೀ ದೇಶದ ಬಾಯಿಗೆ ಬಂತು, ಮತ್ತು ಕಾರ್ಟರ್ ಡೆಮಾಕ್ರಟ್, ಅಂದರೆ ಈಗ ಲಿಬರಲ್ಲರ ಪಕ್ಷ ಅನ್ನಿಸಿಕೊಳ್ಳುವ ಪಕ್ಷದವರು, ಅನ್ನೋದು ನೆನಪಿರಲಿ. ಈಗ ರಾಜಕೀಯ ವಿಜ್ಞಾನಿ ರಯಾನ್ ಬರ್ಜ್ ಅವರ ಲೆಕ್ಕ ನೋಡಿ. ತಮ್ಮನ್ನು ಇವ್ಯಾಂಜೆಲಿಕಲ್ ಅಂತ ಕರೆದುಕೊಳ್ಳುವವರಲ್ಲಿ ಚರ್ಚಿಗೆ ಹೋಗದವರು ಅಥವಾ ಅಪರೂಪಕ್ಕೆ ಹೋಗುವವರು 2008ರಲ್ಲಿ ಶೇ. 16 ಇದ್ದರು, 2020ರಲ್ಲಿ ಶೇ. 27. ಕ್ಯಾಥೊಲಿಕರಲ್ಲಿ, ಮುಸ್ಲಿಮರಲ್ಲೂ ಕೆಲವರು ಹೌದು ನಾನು ಇವ್ಯಾಂಜೆಲಿಕಲ್ ಅಂತ ಟಿಕ್ ಹಾಕುತ್ತಾರೆ. ಇದನ್ನು ದೇವತಾಶಾಸ್ತ್ರದ ಪ್ರಕಾರ ನೋಡಿದರೆ ತಲೆಬುಡ ಇಲ್ಲ. ಪಕ್ಷದ ಪ್ರಕಾರ ನೋಡಿದರೆ ಸರಿಯಾಗಿ ಅರ್ಥ ಆಗುತ್ತೆ, ಅಲ್ವಾ? ಪ್ಯೂನವರು 2016 ಮತ್ತು 2020ರಲ್ಲಿ ಅದೇ ಜನರನ್ನೇ ಎರಡು ಸಲ ಕೇಳಿದಾಗ, ಈ ನಡುವೆ ಹೊಸದಾಗಿ ಇವ್ಯಾಂಜೆಲಿಕಲ್ ಅಂತ ಹೇಳಿಕೊಳ್ಳಲು ಶುರು ಮಾಡಿದ ಬಿಳಿಯರಲ್ಲಿ ಬಹುಪಾಲು ಟ್ರಂಪ್ ಬಗ್ಗೆ ಒಲವು ಇದ್ದವರೇ.

ಚುನಾವಣೆ ರಾತ್ರಿ ಟಿವಿಯಲ್ಲಿ "ಬಿಳಿ ಇವ್ಯಾಂಜೆಲಿಕಲ್ಲರಲ್ಲಿ ಶೇ. 80ಕ್ಕೂ ಹೆಚ್ಚು ಟ್ರಂಪ್‌ಗೆ" ಅಂತ ಸ್ಕ್ರೀನ್ ತುಂಬ ಬರುತ್ತದಲ್ಲ, ಆ ಅಂಕಿ ಬರೋದು ಹೀಗೇ: ಮತ ಹಾಕಿ ಹೊರಗೆ ಬಂದವರಿಗೆ ಕೊಡುವ ಫಾರಂನಲ್ಲಿ, ನೀವು ಇವ್ಯಾಂಜೆಲಿಕಲ್ಲಾ, ಹೌದು ಅಥವಾ ಇಲ್ಲ, ಅಷ್ಟೇ. ಯಾವ ಚರ್ಚು, ಏನು ನಂಬಿಕೆ ಅನ್ನೋದರ ವಿಚಾರಣೆ ಇಲ್ಲ. ಧರ್ಮ ನೋಡಿ ಮತ ಹಾಕಿದರೋ, ಮತ ನೋಡಿ ಧರ್ಮದ ಹೆಸರು ಆರಿಸಿಕೊಂಡರೋ, ಆ ಟಿಕ್ ಗುರುತಿನಿಂದ ಗೊತ್ತಾಗಲ್ಲ.

ನನಗೆ ಎಲ್ಲಕ್ಕಿಂತ ದಂಗು ಬಡಿಸಿದ್ದು ಪಿಆರ್‌ಆರ್‌ಐ ಕೇಳಿದ ಇನ್ನೊಂದು ಪ್ರಶ್ನೆ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ರಾಜಕಾರಣಿ ಸಾರ್ವಜನಿಕ ಕೆಲಸದಲ್ಲಿ ನೀತಿವಂತನಾಗಿ ಇರಬಲ್ಲನಾ? 2011ರಲ್ಲಿ ಇದಕ್ಕೆ ಹೌದು ಅಂದ ಬಿಳಿ ಇವ್ಯಾಂಜೆಲಿಕಲ್ಲರು ಶೇ. 30. ಅವರಷ್ಟು ಕಟ್ಟುನಿಟ್ಟಿನ ಗುಂಪು ಬೇರೆ ಇರಲಿಲ್ಲ. 2016ರ ಅಕ್ಟೋಬರ್‌ನಲ್ಲಿ, ಟ್ರಂಪ್ ಕಣದಲ್ಲಿದ್ದಾಗ, ಹೌದು ಅಂದವರು ಶೇ. 72. ಐದು ವರ್ಷ. ಬೈಬಲ್ಲಿನ ಒಂದು ಸಾಲೂ ಈ ನಡುವೆ ಬದಲಾಗಿರಲಿಲ್ಲ. ದೇಶದ ಒಟ್ಟು ಜನರಲ್ಲೂ ಇದು ಶೇ. 44ರಿಂದ 61ಕ್ಕೆ ಏರಿತು ಅನ್ನೋದನ್ನು ಹೇಳದಿದ್ದರೆ ಅನ್ಯಾಯ ಆಗುತ್ತೆ, ಆದರೆ ಇಷ್ಟು ಎತ್ತರದ ಜಿಗಿತ ಬೇರೆ ಯಾರದ್ದೂ ಅಲ್ಲ.

ಬೇರೆಯವರ ಧರ್ಮ ಯಾವುದು ಅಂತ ಹೇಳುವಾಗಲೂ ಇದೇ ಆಗುತ್ತೆ. ಒಬಾಮಾ ಕ್ರಿಶ್ಚಿಯನ್. ಅವರ ಪಾದ್ರಿಯ ಮಾತುಗಳೇ 2008ರ ಚುನಾವಣೆಯಲ್ಲಿ ವಾರಗಟ್ಟಲೆ ಸುದ್ದಿಯಾಗಿದ್ದವು. ಆದರೂ 2009ರ ಮಾರ್ಚ್‌ನಲ್ಲಿ ಶೇ. 11 ಜನ ಅವರು ಮುಸ್ಲಿಂ ಅಂದರು, 2010ರ ಆಗಸ್ಟ್ ಹೊತ್ತಿಗೆ ಅದು ಶೇ. 18 ಆಯಿತು, ರಿಪಬ್ಲಿಕನ್ನರಲ್ಲಿ ಶೇ. 31. ಅಧ್ಯಕ್ಷ ಕುರ್ಚಿಯಲ್ಲಿ ಕೂತು ಒಂದೂವರೆ ವರ್ಷ ಆದಮೇಲೆ ಅವರ ಬಗ್ಗೆ ಜನಕ್ಕೆ ಇನ್ನೂ ಚೆನ್ನಾಗಿ ಗೊತ್ತಾಗಬೇಕಿತ್ತು, ತಿಳಿದವರ ಸಂಖ್ಯೆಯೇ ಇಳಿಯಿತು. ಅಲ್ಲಿ "ಮುಸ್ಲಿಂ" ಅನ್ನೋದು ಮಾಹಿತಿ ಅಲ್ಲ, ಬೈಗುಳ.

ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. 2025ರಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದಾಗ ಧರ್ಮದ ಕಾಲಂನಲ್ಲಿ ಹಿಂದೂ ಅಂತ ಬರೆಸಬೇಕಾ, ವೀರಶೈವ-ಲಿಂಗಾಯತ ಅಂತಾನಾ, ಬರೀ ಲಿಂಗಾಯತ ಅಂತಾನಾ ಎಂದು ಮಠಗಳೂ ರಾಜಕಾರಣಿಗಳೂ ಎಷ್ಟು ಹೇಳಿಕೆ ಕೊಟ್ಟರು ನೋಡಿದ್ದೀರಲ್ಲ. ಅಮೆರಿಕದಲ್ಲಿ ಹಾಗೆ ಬಹಿರಂಗವಾಗಿ ಹೇಳಿಕೊಡುವವರು ಕಮ್ಮಿ, ಜನ ತಾವೇ ಕಲಿತುಕೊಂಡಿದ್ದಾರೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ತಪ್ಪಾಗುತ್ತೆ, ಯಾಕಂದರೆ ಈ ಲೆಕ್ಕಕ್ಕೆ ಸಿಗದೇ ಇರುವ ದೊಡ್ಡ ಗುಂಪೊಂದಿದೆ. ಕಪ್ಪು ಪ್ರೊಟೆಸ್ಟೆಂಟರು. ಪ್ರಾರ್ಥನೆ, ಬೈಬಲ್, ಚರ್ಚು, ಯಾವುದರಲ್ಲಿ ಅಳೆದರೂ ಬಿಳಿ ಇವ್ಯಾಂಜೆಲಿಕಲ್ಲರಿಗೆ ಸರಿಸಾಟಿಯಾಗಿ ನಿಲ್ಲುವ ಭಕ್ತರು. ಮತ ಮಾತ್ರ ಡೆಮಾಕ್ರಟರಿಗೆ. 2020ರಲ್ಲಿ ಅವರಲ್ಲಿ ಹತ್ತಕ್ಕೆ ಒಂಬತ್ತು ಜನ ಬೈಡನ್‌ಗೆ ಹಾಕಿದರು. ನಂಬಿಕೆ ಒಂದೇ ಥರ, ಮತ ಪೂರ್ತಿ ಉಲ್ಟಾ. ಅದಕ್ಕೇ ಸಮೀಕ್ಷೆಯವರು ಯಾವಾಗಲೂ "ಬಿಳಿ" ಅನ್ನೋದನ್ನು ಸೇರಿಸಿಯೇ ಇವ್ಯಾಂಜೆಲಿಕಲ್ ಅನ್ನುತ್ತಾರೆ. "ಅಮೆರಿಕದಲ್ಲಿ ದೈವಭಕ್ತರೆಲ್ಲ ರಿಪಬ್ಲಿಕನ್ನರು" ಅಂತ ಯಾರಾದರೂ ಹೇಳಿದರೆ ಅವರು ಕಪ್ಪು ಜನ ತುಂಬಾ ಇರುವ ಅಟ್ಲಾಂಟಾದಲ್ಲೋ ಡೆಟ್ರಾಯಿಟ್‌ನಲ್ಲೋ ಒಂದು ಭಾನುವಾರವೂ ಕಳೆದಿಲ್ಲ ಅಂತಲೇ ಅರ್ಥ.

ಎರಡನೇ ಫಾರ್ವರ್ಡ್‌ಗೆ, ಆ ಕ್ರೈಸ್ತ ರಾಷ್ಟ್ರದ ವಿಷಯಕ್ಕೆ ಬರ್ತೀನಿ. ಪ್ಯೂ 2022ರಲ್ಲಿ ಕೇಳಿತು: ಅಮೆರಿಕ ಕ್ರೈಸ್ತ ರಾಷ್ಟ್ರ ಆಗಿರಬೇಕಾ? ಶೇ. 45 ಜನ ಹೌದು ಅಂದರು. ಎದೆ ಝಲ್ ಅನ್ನುತ್ತೆ. ಆದರೆ ಹಾಗಂದರೆ ಏನು ಅಂತ ಮುಂದೆ ಕೇಳಿದರೆ ಕೆಲವರಿಗೆ ಅದು ಕಾನೂನಿನ ವಿಷಯ, ತುಂಬಾ ಜನಕ್ಕೆ ಮಾತ್ರ ಒಳ್ಳೆಯ ನಡತೆ, ದೇವರ ಭಯ ಅಷ್ಟೇ. ಕ್ರೈಸ್ತ ರಾಷ್ಟ್ರವಾದ ಅನ್ನೋ ಪದವನ್ನೇ ಕೇಳಿಲ್ಲ ಅಂದವರು ಶೇ. 54. ಪಿಆರ್‌ಆರ್‌ಐ 2022ರ ಕೊನೆಯಲ್ಲಿ ಒಂದೇ ಪ್ರಶ್ನೆಯ ಬದಲು ಐದು ಹೇಳಿಕೆ ಕೊಟ್ಟು ಒಪ್ಪುತ್ತೀರಾ ಅಂತ ಕೇಳಿ ಅಳೆದಾಗ ಗಟ್ಟಿಯಾಗಿ ಒಪ್ಪುವವರು ಶೇ. 10, ಒಲವು ಇರುವವರು ಶೇ. 19 ಅಂತ ಬಂತು. ಒಂದೇ ದೇಶ, ಒಂದೇ ಕಾಲ. ಶೇ. 10 ಬೇಕಾ, 29 ಬೇಕಾ, 45 ಬೇಕಾ, ನಿಮ್ಮ ಹೆಡ್‌ಲೈನ್‌ಗೆ ಯಾವುದು ಹೊಂದುತ್ತೋ ಅದು ಸಿಗುತ್ತೆ. ಇದರಲ್ಲಿ ನನಗೆ ಭಯ ಇರುವುದು ಆ ಶೇ. 10ರ ಬಗ್ಗೆ. ಅವರು ಕಮ್ಮಿ ಇರಬಹುದು, ಆದರೆ ಅಭ್ಯರ್ಥಿ ಆಯ್ಕೆಯ ಪ್ರೈಮರಿಗಳಲ್ಲಿ ತಪ್ಪದೇ ಮತ ಹಾಕುವವರು ಇಂಥವರೇ ಅಂತ ನನ್ನ ಅನುಮಾನ.

ಇನ್ನು 2024ರ ಫೆಬ್ರವರಿಯಲ್ಲಿ, ದೇಶದಲ್ಲಿ ಧರ್ಮದ ಪ್ರಭಾವ ಹೆಚ್ಚುತ್ತಿದೆ ಅಂದವರು ಶೇ. 18 ಇದ್ದರು. 2025ರ ಫೆಬ್ರವರಿಗೆ ಅದು ಶೇ. 31 ಆಯಿತು. ಆ ಒಂದು ವರ್ಷದಲ್ಲಿ ಚರ್ಚಿಗೆ ಹೋಗುವವರು ಹೆಚ್ಚಾಗಲಿಲ್ಲ, ಪ್ರಾರ್ಥನೆ ಹೆಚ್ಚಾಗಲಿಲ್ಲ. ಶ್ವೇತಭವನದಲ್ಲಿ ಕೂತವರು ಬದಲಾದರು.

ಇತ್ತೀಚೆಗೆ "ಅಮೆರಿಕದ ಹುಡುಗರು ಚರ್ಚಿಗೆ ವಾಪಸ್ ಬರುತ್ತಿದ್ದಾರೆ" ಅನ್ನೋ ಸುದ್ದಿ ಜೋರಾಗಿದೆ. ಪ್ಯೂ ಪ್ರಕಾರ 18ರಿಂದ 24 ವಯಸ್ಸಿನವರಲ್ಲಿ ಕ್ರಿಶ್ಚಿಯನ್ನರು ಶೇ. 46, ತೀರ ವಯಸ್ಸಾದವರಲ್ಲಿ ಶೇ. 80. ಇದನ್ನು ನೋಡಿದರೆ ವಾಪಸ್ ಬರುವ ಲಕ್ಷಣ ಕಾಣಲ್ಲ. ಇಂಥ ಸುದ್ದಿ ಬಂದಾಗ ನಾನು ಮೊದಲು ನೋಡೋದು, ಆ ಸಮೀಕ್ಷೆ ಹೇಗೆ ಮಾಡಿದ್ದು ಅಂತ. ವಿಳಾಸ ಎತ್ತಿ ಕಾಗದ ಕಳಿಸಿದ್ದಾ, ಅಥವಾ ಇಂಟರ್ನೆಟ್‌ನಲ್ಲಿ "ಬನ್ನಿ, ಸಮೀಕ್ಷೆ ತುಂಬಿ, ಪಾಯಿಂಟ್ಸ್ ಗಳಿಸಿ" ಅಂತ ಕರೆದದ್ದಾ? ಎರಡನೇ ಥರದ್ದರಲ್ಲಿ ಸುಮ್ನೆ ಟಿಕ್ ಟಿಕ್ ಅಂತ ಒತ್ತಿಕೊಂಡು ಹೋಗುವವರು ತುಂಬಾ, ಅದರಲ್ಲೂ ಚಿಕ್ಕ ವಯಸ್ಸಿನವರು ಅಂತ ಹೇಳಿಕೊಳ್ಳುವವರು. ಪ್ಯೂನವರು ಒಮ್ಮೆ ಇಂಥ ಸಮೀಕ್ಷೆಯಲ್ಲಿ ಬೇಕಂತಲೇ ಒಂದು ಪ್ರಶ್ನೆ ಸೇರಿಸಿದ್ದರು: ಪರಮಾಣು ಸಬ್‌ಮರೀನ್ ಓಡಿಸುವ ಲೈಸೆನ್ಸ್ ನಿಮ್ಮ ಹತ್ತಿರ ಇದೆಯಾ? ಮೂವತ್ತರ ಒಳಗಿನವರಲ್ಲಿ ಶೇ. 12 ಜನ ಇದೆ ಅಂದರು. ಅಷ್ಟು ಹುಡುಗರಿಗೆ ಲೈಸೆನ್ಸ್ ಇದ್ದಿದ್ದರೆ ಸಮುದ್ರದಲ್ಲಿ ಟ್ರಾಫಿಕ್ ಜಾಮ್ ಆಗುತ್ತಿತ್ತು.

ಕೊನೆಗೆ ನಮ್ಮ ವಿಷಯ, ಅಂದರೆ ಇಲ್ಲಿ ಅಮೆರಿಕದಲ್ಲಿರುವ ಹಿಂದೂಗಳದ್ದು. ನಮ್ಮ ಮನೆಗೂ ಹೀಗೊಂದು ಸಮೀಕ್ಷೆಯ ಲಕೋಟೆ ಬಂದಿತ್ತು. ಧರ್ಮದ ಪಟ್ಟಿಯಲ್ಲಿ ಹಿಂದೂ ಅಂತ ಇತ್ತು, ಟಿಕ್ ಹಾಕಿದೆ, ಅಲ್ಲಿವರೆಗೆ ಸಲೀಸು. ಮುಂದಿನ ಪ್ರಶ್ನೆ, ಮದುವೆ ಮತ್ತು ಸಾವಿನ ಕಾರ್ಯ ಬಿಟ್ಟು ಧಾರ್ಮಿಕ ಸೇವೆಗೆ ಎಷ್ಟು ಸಲ ಹೋಗ್ತೀರಿ ಅಂತ. ಅಡುಗೆಮನೆಯಿಂದ ನಮ್ಮವರು "ದೇವಸ್ಥಾನಕ್ಕಾ? ಯುಗಾದಿ, ದೀಪಾವಳಿ, ಯಾರಾದ್ರೂ ಊರಿಂದ ಬಂದಾಗ. ವರ್ಷಕ್ಕೆ ಕೆಲವು ಸಲ ಅಂತ ಹಾಕು" ಅಂದರು. ಹಾಗೇ ಹಾಕಿದೆ. ದಿನಾ ಬೆಳಿಗ್ಗೆ ದೇವರ ಮನೆಯಲ್ಲಿ ದೀಪ ಹಚ್ಚೋದಕ್ಕೆ, ಶ್ರಾವಣದ ಶುಕ್ರವಾರಗಳಿಗೆ, ಗ್ಯಾರೇಜಲ್ಲಿ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಕ್ಕೆ ಕಾಲಂ ಇರಲಿಲ್ಲ. ಆ ಫಾರಂ ನೋಡಿದವರಿಗೆ ನಾವು ಅಷ್ಟೇನೂ ದೈವಭಕ್ತರಲ್ಲದ ಕುಟುಂಬ. ಪ್ರಶ್ನೆ ಮಾಡಿದವರ ತಲೆಯಲ್ಲಿ ಇರುವುದು ಭಾನುವಾರದ ಚರ್ಚು. ಇದರ ಜೊತೆಗೆ ಪ್ಯೂ 2012ರ ಇನ್ನೊಂದು ಲೆಕ್ಕ: ಇಲ್ಲಿನ ಹಿಂದೂಗಳಲ್ಲಿ ಶೇ. 73 ಜನ ಕ್ರಿಸ್‌ಮಸ್ ಆಚರಿಸುತ್ತಾರೆ. ನಮ್ಮ ಮನೆಯಲ್ಲೂ ಪ್ಲಾಸ್ಟಿಕ್ ಮರ ಇದೆ, ಅದು ಗಣಪತಿ ಅಲಂಕಾರದ ಸಾಮಾನಿನ ಡಬ್ಬದ ಪಕ್ಕದಲ್ಲೇ ಇರುತ್ತೆ.

ಸಂಸತ್ತಿನ ಲೆಕ್ಕ ಇನ್ನೂ ವಿಚಿತ್ರ. 2025ರಲ್ಲಿ ಸೇರಿದ ಕಾಂಗ್ರೆಸ್‌ನಲ್ಲಿ ಕ್ರಿಶ್ಚಿಯನ್ನರು ಶೇ. 87. ಯಾವ ಧರ್ಮವೂ ಇಲ್ಲ ಅಂತ ಹೇಳಿಕೊಂಡವರು ಶೇ. 1 ಕೂಡ ಇಲ್ಲ, ಜನರಲ್ಲಿ ಅಂಥವರು ಶೇ. 29 ಇದ್ದರೂ. ಹಿಂದೂಗಳು ನಾಲ್ಕು ಜನ, ಅವರಲ್ಲಿ ಡೆಟ್ರಾಯಿಟ್ ಕಡೆಯಿಂದ ಗೆದ್ದ ಶ್ರೀ ಥಾಣೇದಾರ್ ನಮ್ಮ ಬೆಳಗಾವಿ ಕಡೆಯವರು. ಅಧ್ಯಕ್ಷ ಸ್ಥಾನಕ್ಕೆ ನಿಂತ ನಾಸ್ತಿಕನಿಗೆ ಮತ ಹಾಕ್ತೀರಾ ಅಂತ ಗ್ಯಾಲಪ್ 1958ರಲ್ಲಿ ಕೇಳಿದಾಗ ಹೌದು ಅಂದವರು ಶೇ. 18, 2019ರಲ್ಲಿ ಶೇ. 60. ಮುಸ್ಲಿಮನಿಗೆ ಹಾಕ್ತೀವಿ ಅಂದವರೇ ಅದಕ್ಕಿಂತ ಜಾಸ್ತಿ, ಶೇ. 66. ಹಾಗಾಗಿ ದೇವರ ಮೇಲೆ ನಂಬಿಕೆ ಇಲ್ಲದ ರಾಜಕಾರಣಿ ಬಾಯಿ ಮುಚ್ಚಿಕೊಂಡು ಇರುತ್ತಾನೆ.

ಮತ್ತೆ ಚಿಕ್ಕಪ್ಪನಂಥವರು "ಹಿಂದೂಗಳೆಲ್ಲ ಈ ಸಲ ಆ ಪಕ್ಷಕ್ಕಂತೆ" ಅಂತ ಕಳಿಸುವ ಮೂರನೇ ಥರದ ಫಾರ್ವರ್ಡ್ ಇದೆಯಲ್ಲ, ಅದನ್ನು ನಾನು ತೆರೆಯೋದೇ ಇಲ್ಲ. ಇಲ್ಲಿ ಹಿಂದೂಗಳು ಸುಮಾರು ಶೇ. 1. ಸಾವಿರ ಜನರನ್ನು ಕೇಳುವ ಸಾಮಾನ್ಯ ಸಮೀಕ್ಷೆಯಲ್ಲಿ ನಮ್ಮವರು ಹತ್ತು ಜನ ಸಿಕ್ಕರೆ ಜಾಸ್ತಿ, ಪ್ಯೂನವರ ಆ ದೊಡ್ಡ ಸಮೀಕ್ಷೆಯಲ್ಲೇ ಲೆಕ್ಕ ಹಾಕಿದರೆ ಮುನ್ನೂರೋ ನಾನೂರೋ. ಅದೂ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಬಂದವರು ಮಾತ್ರ. ಏಷ್ಯಾ ಮೂಲದವರಿಗೆ ಅಂತಲೇ 2022-23ರಲ್ಲಿ ಪ್ಯೂ ಬೇರೆ ಸಮೀಕ್ಷೆ ಮಾಡಿದಾಗ ಹಿಂದಿಯನ್ನೂ ಸೇರಿಸಿದ್ದರು. ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು, ಸಿಟಿಜನ್‌ಶಿಪ್ ತೊಗೊಂಡು, ಪ್ರತಿ ಚುನಾವಣೆಗೂ ತಪ್ಪದೇ ಮತ ಹಾಕುವ, ಕನ್ನಡ ಮಾತ್ರ ಸರಾಗವಾಗಿ ಬರುವ ಅಜ್ಜಿಯಂದಿರು ನಮ್ಮ ಕನ್ನಡ ಕೂಟದಲ್ಲೇ ಇದ್ದಾರೆ. ಅವರು ಯಾವ ಪಕ್ಷ ಅಂತ ತಿಳಿಯಬೇಕಾದರೆ ಸದ್ಯಕ್ಕೆ ಯುಗಾದಿ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಕೂರುವುದೇ ದಾರಿ.